ಒಂದು ಗೇಣು ಕೆಳಗೆ

ಪನು ಐಸ್ ಹಾಕಿ ಅಂಕಣದ ಬಾಗಿಲು ತೆಗೆದ; ಮೂವರು ಏದುಸಿರು ಬಿಡುತ್ತ ಬೆಂಚಿಗೆ ಬಂದು ಬಿದ್ದರು, ಇನ್ನು ಮೂವರು ಕಟ್ಟೆ ಹಾರಿ ಮಂಜುಗಡ್ಡೆಗೆ ಧುಮುಕಿದರು. ಬಾಗಿಲು ಹಾಕಿದ. ಅಷ್ಟರಲ್ಲಿ ಯಾರದೋ ಕೋಲಿನ ತುದಿ ಅವನ ಮೊಣಕಾಲಿಗೆ ಬಡಿಯಿತು.

"ತಾತ, ಕಾಲು ಒಳಗಿಟ್ಕೋ. ಈ ವಯಸ್ಸಲ್ಲಿ ಮುರಿದ್ರೆ ಕೂಡಲ್ಲ," ಎಂದು ರಿಕು ಅವನ ಕೈಯಿಂದ ನೀರಿನ ಬಾಟಲಿ ಕಿತ್ತುಕೊಂಡ.

ಪನು ವೆಹ್ಕಲಾ ನಗಲಿಲ್ಲ. ಅವನ ಕಣ್ಣು ಅಂಕಣದ ತುದಿಯಲ್ಲಿದ್ದ ಬಲೆಯ ಕಡೆಗಿತ್ತು. ಬಲೆ ಕಾಯುತ್ತ ಬಾಗಿ ನಿಂತಿದ್ದ ತಮ್ಮ ತಂಡದ ಗೋಲಿ ಏಮೆಲಿಯ ಎಡಗೈಯನ್ನು ಅವನು ನೋಡುತ್ತಿದ್ದ.

ಆ ಕೈ ಇಳಿಯುತ್ತಿತ್ತು.

ಹೆಚ್ಚಲ್ಲ, ಒಂದು ಗೇಣು. ಎದುರು ತಂಡವಾದ ರೌತನಿಯೆಮಿಯ ಆಟಗಾರರು ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆಯನ್ನು ಹೊರಗೆ ಬಿಡದೆ ಬಲೆಯ ಸುತ್ತ ತಿರುಗಿಸುತ್ತ ಸ್ವಲ್ಪ ಹೊತ್ತು ಕಾಡಿದರೆ ಸಾಕು, ಬಿಲ್ಲೆ ಹಿಡಿಯಬೇಕಾದ ಆ ದಪ್ಪ ಗ್ಲೌಸು ತಾನೇ ತಾನಾಗಿ ಸೊಂಟದಿಂದ ತೊಡೆಗೆ ಜಾರುತ್ತಿತ್ತು. ಏಮೆಲಿಗೆ ದಣಿವು ಕಾಲಿಗಿಂತ ಮೊದಲು ಭುಜಕ್ಕೆ ಬರುತ್ತಿತ್ತು ಎಂದು ಕಾಣುತ್ತದೆ. ಅವನಿಗೆ ಅದರ ಅರಿವಿರಲಿಲ್ಲ. ಮುಖವಾಡದ ಕಂಬಿಗಳ ಹಿಂದೆ ಬಿಲ್ಲೆಯನ್ನೇ ದಿಟ್ಟಿಸುವವನಿಗೆ ತನ್ನ ಕೈ ಕಾಣುವುದಿಲ್ಲ. ಬೆಂಚಿನಲ್ಲಿ ಪನುವಿನಂಥ ಇನ್ನೊಬ್ಬ ಗೋಲಿ ಇರುವುದೇ ಅದಕ್ಕೆ.

ಎರಡನೇ ಗೋಲಿಗೆ ಬೆಂಚಿನ ಬಾಗಿಲು ತೆಗೆದು ಹಾಕುವುದಷ್ಟೇ ಕೆಲಸ ಎಂದು ಮೇಲೆ ಕೂತು ಬಿಯರ್ ಕುಡಿಯುವ ಜನ ತಿಳಿದಿರುತ್ತಾರೆ. ಅವನ ನಿಜವಾದ ಕೆಲಸ ನೋಡುವುದು. ನೋಡಿದ್ದನ್ನು ವಿರಾಮದಲ್ಲಿ ಮೊದಲನೆಯವನ ಕಿವಿಗೆ ಹಾಕುವುದು. ಕೋಚು ಹೇಳಿದರೆ ಗೋಲಿಗಳು ಕೇಳುವುದಿಲ್ಲ. ಮುಖಕ್ಕೆ ಬಿಲ್ಲೆ ಬಡಿಸಿಕೊಳ್ಳದವನ ಮಾತಿಗೆ ಅವರಲ್ಲಿ ಬೆಲೆಯಿಲ್ಲ. ಇಪ್ಪತ್ತರ ಹರೆಯದಲ್ಲಿ ಪನು ಈ ಲೌತ್ತಕೊಸ್ಕಿ ತಂಡಕ್ಕೆ ಬಂದು ಒಸ್ಮೊ ಎಂಬ ಹಳಬನ ಜಾಗ ಕಿತ್ತುಕೊಂಡಾಗ, ಆ ಒಸ್ಮೊ ಇಡೀ ಚಳಿಗಾಲ ಇದೇ ಬಾಗಿಲ ಬಳಿ ಕೂತಿದ್ದ. ಮನಸ್ಸಿನಲ್ಲಿ ಏನಿತ್ತೋ ಏನೋ, ಪ್ರತಿ ವಿರಾಮದಲ್ಲೂ ಬಂದು ಪಕ್ಕದಲ್ಲಿ ಕುಕ್ಕರಿಸಿ, "ಬಲಗಾಲು ತಡವಾಗ್ತಿದೆ, ಮಗನೆ," ಎಂದೋ, "ಆ ಎಡಚ ಕೆಳಗೇ ಹೊಡೀತಾನೆ, ಮೇಲೆ ನೋಡ್ಬೇಡ," ಎಂದೋ ಹೇಳಿ ಎದ್ದು ಹೋಗುತ್ತಿದ್ದ. ಒಂದು ದಿನವೂ ತಪ್ಪಿಸಿರಲಿಲ್ಲ. ಆ ವಸಂತದಲ್ಲಿ ಒಸ್ಮೊ ಸ್ಕೇಟು ಕಳಚಿಟ್ಟ. ಜಾಗ ಕಳೆದುಕೊಂಡೂ ಅವನು ತನಗೆ ಹೇಳುತ್ತಿದ್ದುದು ಎಷ್ಟು ದೊಡ್ಡ ಮಾತು ಎಂದು ಪನು ಇವತ್ತಿನವರೆಗೆ ಯೋಚಿಸಿಯೇ ಇರಲಿಲ್ಲ.

ಆ ಕೈಯನ್ನು ಕಂಡವನು ಪನು ಒಬ್ಬನೇ ಆಗಿರಲಿಲ್ಲ. ಎದುರು ತಂಡದ ಹಾಪ್ಸಾರಿ ಹಿಂದೆ ಇಲ್ಲೇ ಆಡಿದವನು, ಪ್ರವಾಸಗಳಲ್ಲಿ ಪನುವಿನ ಜೊತೆ ಒಂದೇ ಕೋಣೆಯಲ್ಲಿ ಮಲಗಿ ಅವನ ಗೊರಕೆಗೆ ಬೂಟು ಎಸೆದವನು. ಅವನು ಬದಿಯಿಂದ ನುಗ್ಗಿ ಬಂದು ಗ್ಲೌಸಿಗಿಂತ ಮೇಲಿದ್ದ ಬಲೆಯ ಮೂಲೆಗೆ ಹೊಡೆದ. ಬಿಲ್ಲೆ ಅಡ್ಡಕಂಬಿಗೆ ಬಡಿದು ಠಣ್ಣೆಂದು ಹೊರಗೆ ಹಾರಿತು. ಏಮೆಲಿಯ ಕೈ ಆಮೇಲೆ ಮೇಲೆದ್ದಿತು, ಬಸ್ಸು ಹೋದ ಮೇಲೆ ಕೈ ತೋರಿಸಿದವನ ಹಾಗೆ. ಹಾಪ್ಸಾರಿ ಬೆಂಚಿನ ಮುಂದೆ ಜಾರಿ ಹೋಗುವಾಗ ಪನುವಿನ ಕಡೆ ತಿರುಗಿ ಹುಬ್ಬು ಹಾರಿಸಿದ. ನೋಡಿದೆಯಾ ಎಂದು ಕೇಳುವ ಹುಬ್ಬು. ಪನು ಬೇರೆ ಕಡೆ ನೋಡುತ್ತ ಬಾಗಿಲು ತೆಗೆದ.

ಮೊದಲ ವಿರಾಮದ ಹೊತ್ತಿಗೆ ಲೌತ್ತಕೊಸ್ಕಿ ಒಂದು ಗೋಲಿನಿಂದ ಮುಂದಿತ್ತು. ಈ ಆಟ ಸೋತರೆ ಊರಿನ ತಂಡ ಕೆಳಗಿನ ಲೀಗಿಗೆ ಇಳಿಯುತ್ತದೆ. ಗೆದ್ದರೆ ತಂಡ ಉಳಿಯುತ್ತದೆ, ಆದರೆ ಇಬ್ಬರು ಗೋಲಿಗಳಲ್ಲಿ ಒಬ್ಬನೇ ಉಳಿಯುತ್ತಾನೆ. ಮುಂದಿನ ಚಳಿಗಾಲಕ್ಕೆ ಝೆಕ್ ನಾಡಿನಿಂದ ಒಬ್ಬ ಬರುತ್ತಾನೆ, ಅವನ ಜೊತೆ ಹಳಬರಲ್ಲಿ ಒಬ್ಬ ಸಾಕು ಎಂದು ಕೋಚು ರೈಮೊ ಹೊಸವರ್ಷ ಕಳೆದ ಮೇಲೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದ. ಯಾರು ಎಂದು ಹೇಳಿರಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಅಂದಿನಿಂದ ಬಲೆಯ ಮುಂದೆ ಏಮೆಲಿಯೇ ನಿಲ್ಲುತ್ತಿದ್ದ. ಪನುವಿಗೆ ಮೂವತ್ತೇಳು. ಬೇರೆ ಊರಿನ ತಂಡಗಳು ಅವನೊಡನೆ ಫೋನಿನಲ್ಲಿ ಬಹಳ ನಯವಾಗಿ ಮಾತಾಡುತ್ತಿದ್ದವು, ಆ ನಯದಲ್ಲೇ ಉತ್ತರವಿತ್ತು. ಆಟ ಬಿಟ್ಟರೆ ನಿನಗೆ ಬೇರೆ ಏನು ಬರುತ್ತದೆ ಎಂದು ಹೆಂಡತಿ ಸೈಲ ಒಮ್ಮೆ ನಿಜಕ್ಕೂ ತಿಳಿದುಕೊಳ್ಳಲು ಕೇಳಿದಾಗ ಅವನಿಗೆ ಹೊಳೆದದ್ದು ಕಾರು ಓಡಿಸುವುದೊಂದೇ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಗೋಲಿಗಳ ಮೂಲೆ ಶೌಚಾಲಯದ ಬಾಗಿಲಿನ ಪಕ್ಕದ್ದು. ಆಟದ ದಿನ ಅಲ್ಲಿಗೆ ಬೇರೆ ಯಾರೂ ಬರುವುದಿಲ್ಲ. ಏಮೆಲಿ ಮುಖವಾಡವನ್ನು ತಲೆಯ ಮೇಲೇರಿಸಿ, ಗದ್ದದಿಂದ ಬೆವರು ತೊಟ್ಟಿಕ್ಕಿಸುತ್ತ ಬಂದು ಕೂತ. ಕಿತ್ತಳೆ ಹಣ್ಣು ಸುಲಿದು ಒಂದು ತೊಳೆ ಬಾಯಿಗಿಟ್ಟುಕೊಂಡು, ಎಂದಿನ ಹಾಗೆ ಕೇಳಿದ.

"ಏನಾದ್ರೂ ಕಾಣಿಸ್ತಾ?"

"ಏನು?"

"ಆ ಕಂಬಿಗೆ ಬಿತ್ತಲ್ಲ, ಅದು ನಂಗೆ ಗೊತ್ತೇ ಆಗ್ಲಿಲ್ಲ. ಏನೋ ತಪ್ಪಾಗ್ತಿದೆ ಪನು. ಏನು ಅಂತ ತಿಳೀತಿಲ್ಲ."

ಎರಡು ಮಾತು ಸಾಕಿತ್ತು. ಕೈ ಇಳೀತಿದೆ, ಮೇಲಿಡು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಪನು ಬಗ್ಗಿ ತನ್ನ ಪ್ಯಾಡಿನ ಪಟ್ಟಿ ಬಿಚ್ಚಿ ಮತ್ತೆ ಕಟ್ಟಿದ. ಬಿಚ್ಚುವ ಅಗತ್ಯವೇನೂ ಇರಲಿಲ್ಲ.

"ಏನಿಲ್ಲ," ಎಂದ. "ಚೆನ್ನಾಗೇ ನಿಂತಿದ್ದೀಯ. ಹಿಂಗೇ ಆಡು."

"ಖಂಡಿತ?"

"ಹಾಪ್ಸಾರಿ ಕಣ್ಮುಚ್ಚಿ ಹೊಡೆದದ್ದು ಅದು. ಅವನನ್ನ ನಾನು ಕಾಣದವನಾ?"

ಏಮೆಲಿಯ ಮುಖ ಸಡಿಲವಾಯಿತು. ಉಳಿದ ಅರ್ಧ ಕಿತ್ತಳೆಯನ್ನು ಪನುವಿನ ಕೈಗಿಟ್ಟು ಮೂತ್ರಕ್ಕೆ ಎದ್ದು ಹೋದ. ಪನು ಅದನ್ನು ತಿಂದ.

ಎರಡನೇ ಅವಧಿಯಲ್ಲಿ ಮೊದಲು ಲೌತ್ತಕೊಸ್ಕಿಯವರೇ ಇನ್ನೊಂದು ಗೋಲು ಹೊಡೆದರು. ಬೆಂಚೆಲ್ಲ ಎದ್ದು ಕುಣಿಯಿತು, ಪನುವೂ ಕುಣಿದ. ಆಮೇಲೆ ರೌತನಿಯೆಮಿಯವರು ಮುತ್ತಿಕೊಂಡರು. ಬಿಲ್ಲೆ ಮೂಲೆಯಿಂದ ಮೂಲೆಗೆ ಓಡಾಡಿತು, ಗ್ಲೌಸು ಮೆಲ್ಲಗೆ ಜಾರಿತು, ಹಾಪ್ಸಾರಿ ಹೊಡೆದ, ಬಲೆಯ ಮೇಲಿನ ಮೂಲೆ ಉಬ್ಬಿತು. ಪನುವಿನ ಎದೆಯೊಳಗೆ ಏನೋ ಬೆಚ್ಚಗೆ ಎದ್ದಿತು. ಅದು ಸಂತೋಷ ಎಂದು ಗುರುತು ಹಿಡಿಯಲು ಅವನಿಗೆ ಒಂದು ಗಳಿಗೆ ಹಿಡಿಯಿತು. ಗುರುತು ಸಿಕ್ಕ ಮೇಲೆ ಕಿವಿಗಳು ಸುಡತೊಡಗಿದವು.

ಆಟ ನಿಂತಾಗ ಏಮೆಲಿ ನೀರಿಗೆಂದು ಬೆಂಚಿನವರೆಗೆ ಬಂದ. ಬಾಟಲಿ ಎತ್ತಿ ಕುಡಿಯುತ್ತ ಮುಖವಾಡದೊಳಗಿಂದ ಪನುವನ್ನೇ ನೋಡಿದ. "ಏನು ಮಾಡ್ತಿದ್ದೀನಿ ನಾನು?"

ಈಗಲಾದರೂ ಹೇಳಬಹುದಿತ್ತು. ಆದರೆ ಈಗ ಹೇಳಿದರೆ, ಆಗ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಅದರ ಬೆನ್ನಿಗೇ ಬರುತ್ತಿತ್ತು. ಪನು ಬಾಟಲಿ ವಾಪಸು ತೆಗೆದುಕೊಂಡು ಅದರ ಮುಚ್ಚಳವನ್ನು ಒರೆಸಿದ. "ಮರೆತುಬಿಡು. ಮುಂದಿನದನ್ನ ನೋಡು."

ಮುಂದಿನದೂ ಅದೇ ಮೂಲೆಗೆ ಬಿತ್ತು, ಅದರ ಮುಂದಿನದೂ.

ರೈಮೊ ಹೆಸರು ಹಿಡಿದು ಕರೆಯಲಿಲ್ಲ. ಬೆಂಚಿನ ಹಿಂದೆ ನಿಂತವನು ಪನುವಿನ ಭುಜ ತಟ್ಟಿ ಬಲೆಯ ಕಡೆ ಗದ್ದ ಎತ್ತಿದ, ಅಷ್ಟೇ. ಎದುರು ತಂಡಕ್ಕೆ ಮೂರು, ತಮಗೆ ಎರಡು. ಪನು ಟೋಪಿ ತೆಗೆದಿಟ್ಟು ಮುಖವಾಡ ಹಾಕಿಕೊಂಡ. ಅವನು ಬಾಗಿಲು ದಾಟಿದ ಕೂಡಲೇ ಮೇಲಿನ ಹಲಗೆಗಳನ್ನು ಜನ ಕಾಲಿನಿಂದ ಬಡಿಯತೊಡಗಿದರು. "ಪ-ನು, ಪ-ನು." ಜನವರಿಯಿಂದ ಕೇಳದಿದ್ದ ಸದ್ದು. ಅದು ಬೇಕೆಂದೇ ಅಲ್ಲವೇ ಎಲ್ಲ ಮಾಡಿದ್ದು?

ಅಂಕಣದ ನಡುವೆ ಇಬ್ಬರೂ ಎದುರಾದರು. ಹೊರಬರುವ ಗೋಲಿ ತಲೆ ಎತ್ತುವುದಿಲ್ಲ. ಒಳಹೋಗುವವನು ಕೋಲಿನಿಂದ ಅವನ ಪ್ಯಾಡು ತಟ್ಟಿ ದಾಟಿಬಿಡುತ್ತಾನೆ. ರೂಢಿ ಅಷ್ಟೇ, ಮಾತಿಲ್ಲ. ಪನುವಿಗೂ ಬೇಕಾಗಿದ್ದುದು ಆ ಮೌನವೇ. ಆದರೆ ಏಮೆಲಿ ಸ್ಕೇಟಿನ ಬ್ಲೇಡು ಅಡ್ಡ ತಿರುಗಿಸಿ ನಿಂತ. ಮುಖವಾಡ ಮೇಲೇರಿಸಿದ. ಕಣ್ಣು ಕೆಂಪಗಿದ್ದವು.

"ಹತ್ತೊಂಬತ್ತನೇ ನಂಬರು," ಎಂದ ಅವಸರದಲ್ಲಿ. "ಅವನು ನಿನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ರೆ ಹೊಡೆಯಲ್ಲ. ಹಾಪ್ಸಾರಿಗೆ ಕೊಡ್ತಾನೆ, ಆಚೆ ಕಂಬದ ಹತ್ರ. ಬೆಂಚಿಂದ ಕಾಣಲ್ಲ ಅದು, ಅದಕ್ಕೆ ಹೇಳ್ದೆ."

ಹೇಳಿ, ತನ್ನ ಕೋಲಿನಿಂದ ಪನುವಿನ ಪ್ಯಾಡನ್ನು ಎರಡು ಸಲ ತಟ್ಟಿ, ಜನರ ಗದ್ದಲದ ನಡುವೆ ಒಬ್ಬನೇ ಬೆಂಚಿನ ಕಡೆ ಜಾರಿ ಹೋದ. ತಟ್ಟಬೇಕಾಗಿದ್ದವನು ತಾನು ಎಂದು ಪನುವಿಗೆ ನೆನಪಾಗುವ ಹೊತ್ತಿಗೆ ಅವನು ದೂರ ಹೋಗಿದ್ದ.

ಮೂರನೇ ಅವಧಿಯಲ್ಲಿ ಪನು ಆಡಿದ ಆಟವನ್ನು ಊರಿನವರು ಬಹಳ ದಿನ ನೆನೆಸಿಕೊಂಡರು. ಕಾಲು ಅವನವೇ ಅಲ್ಲವೆಂಬಂತೆ ಓಡಾಡಿದವು. ರಿಕು ಒಂದು ಗೋಲು ಹೊಡೆದು ಸಮ ಮಾಡಿದ, ಆಮೇಲೆ ಇನ್ನೊಂದು ಬಂತು. ನಾಲ್ಕು, ಮೂರು. ಕೊನೆಯ ನಿಮಿಷದಲ್ಲಿ ರೌತನಿಯೆಮಿಯವರು ತಮ್ಮ ಗೋಲಿಯನ್ನು ಹೊರಗೆ ಕರೆಸಿಕೊಂಡು ಅವನ ಬದಲು ಇನ್ನೊಬ್ಬ ಆಟಗಾರನನ್ನು ಇಳಿಸಿದರು. ಆಗ ಬಂದ ಹತ್ತೊಂಬತ್ತನೇ ನಂಬರಿನವನು. ಬಿಲ್ಲೆಯನ್ನು ಕೋಲಿಗೆ ಅಂಟಿಸಿಕೊಂಡು, ಕೋಲನ್ನು ಹಿಂದಕ್ಕೆಳೆದು, ಪನುವಿನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಹದಿನೇಳು ಚಳಿಗಾಲಗಳ ಅಭ್ಯಾಸ ಪನುವಿಗೆ ನಿಂತಲ್ಲೇ ನಿಲ್ಲು ಎಂದಿತು. ಅವನು ಅಭ್ಯಾಸವನ್ನು ಬಿಟ್ಟು ಏಮೆಲಿಯ ಮಾತು ಕೇಳಿದ. ಬಿಲ್ಲೆ ಹೊರಡುವ ಮೊದಲೇ ಆಚೆ ಕಂಬಕ್ಕೆ ಮೈ ಚೆಲ್ಲಿದ. ಹಾಪ್ಸಾರಿ ಖಾಲಿ ಬಲೆಗೆಂದು ಹೊಡೆದದ್ದು ಅವನ ಗ್ಲೌಸಿನೊಳಗೆ ಬಂದು ಕೂತಿತು.

ಅದನ್ನು ಹಿಡಿದುಕೊಂಡು ಅವನು ಮಂಜಿನ ಮೇಲೆ ಬಿದ್ದೇ ಇದ್ದ. ಮೇಲೆ ಚಾವಣಿ ಹಾರಿಹೋಗುವಂಥ ಕೂಗು. ಹಾಪ್ಸಾರಿ ಬಗ್ಗಿ ನೋಡಿ ಹೇಳಿದ: "ಅಲ್ಲಿಗೆ ಬರುತ್ತೆ ಅಂತ ನಿಂಗ್ಯಾರೋ ಹೇಳಿದ್ದು, ಮುದುಕ?"

ಪನುವಿನ ಕಣ್ಣು ಬೆಂಚಿನ ಕಡೆಗೆ ಹೋಯಿತು.

ಆಟ ಮುಗಿದ ಮೇಲೆ ಉತ್ತಮ ಆಟಗಾರನೆಂದು ಅವನ ಹೆಸರು ಕೂಗಿದರು. ನಡುವಿನ ಗೆರೆಯವರೆಗೆ ಹೋಗಿ, ಊರಿನ ಹೊಗೆಮನೆಯವರು ಕೊಡುವ, ಹೊಗೆಯಲ್ಲಿ ಬೇಯಿಸಿದ ಮೀನಿನ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಫೋಟೊಗೆ ನಿಂತ. ವಾಪಸು ಬಂದಾಗ ಬೆಂಚಿನ ಬಾಗಿಲು ತೆಗೆದು ಹಿಡಿದು ನಿಂತಿದ್ದವನು ಏಮೆಲಿ. "ಕೊಡು, ನಾನು ಹಿಡ್ಕೋತೀನಿ, ನಿನ್ನ ಕೈ ತುಂಬಿದೆ," ಎಂದು ಪೆಟ್ಟಿಗೆ ಇಸಿದುಕೊಂಡ.

ಉಗಿಸ್ನಾನದ ಕೋಣೆಯಾದ ಸೌನಾದಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಅಂಟಿಕೊಂಡು ಕೂತರು. ರಿಕು ಕಾದ ಕಲ್ಲಿನ ಮೇಲೆ ಸೌಟಿನಲ್ಲಿ ನೀರು ಹುಯ್ದ.

"ತಾತ ಇನ್ನೂ ಸತ್ತಿಲ್ಲ ಕಣ್ರೋ. ಪಿಂಚಣಿ ಆಫೀಸಿಗೆ ಫೋನ್ ಮಾಡಿ, ಇನ್ನೊಂದು ವರ್ಷ ಕಾಯ್ಬೇಕು ಅಂತ ಹೇಳಿ."

"ನಿನ್ನ ಹೊಟ್ಟೆ ನೋಡಿದ್ರೆ ನಿಂಗೇ ಮೊದ್ಲು ಸಿಗುತ್ತೆ ಪಿಂಚಣಿ," ಎಂದು ಯಾರೋ ಕತ್ತಲ ಮೂಲೆಯಿಂದ ಹೇಳಿದರು.

"ಹೊಟ್ಟೆ ಅಲ್ಲ ಅದು, ಬಿಲ್ಲೆ ತಡೆಯೋ ಸಾಮಾನು. ತಾತನ್ನ ಕೇಳು."

ನಗು ಎದ್ದಿತು. ಪನುವೂ ನಗಬೇಕಾಯಿತು. ಒಬ್ಬೊಬ್ಬರಾಗಿ ಬಿಯರಿಗೆಂದು ಎದ್ದು ಹೋದರು. ಮೇಲಿನ ಹಲಗೆಯಲ್ಲಿ ಅವನೂ ಏಮೆಲಿಯೂ ಉಳಿದರು. ಬಟ್ಟೆಯಿಲ್ಲದೆ ಏಮೆಲಿ ಇನ್ನೂ ಚಿಕ್ಕವನಾಗಿ ಕಂಡ. ಎಡಭುಜವನ್ನು ತಿಕ್ಕಿಕೊಳ್ಳುತ್ತಿದ್ದ.

"ಮೂರೂ ಒಂದೇ ಜಾಗಕ್ಕೆ ಪನು. ಒಂದೇ ಜಾಗಕ್ಕೆ. ನಿಂಗೇನನ್ಸುತ್ತೆ?"

ಉಗಿ ಮೂಗು ಸುಡುತ್ತಿತ್ತು. "ಎಡಗೈ," ಎಂದ ಪನು ಕೊನೆಗೆ. "ದಣಿದಾಗ ಇಳಿಸ್ತೀಯ. ಒಂದು ಗೇಣು."

ಏಮೆಲಿ ಕೈಯನ್ನು ಎದೆಯ ಮುಂದೆ ಎತ್ತಿ ಹಿಡಿದು, ಮೆಲ್ಲಗೆ ಇಳಿಸಿ, ಅದನ್ನೇ ನೋಡಿದ, ಬೇರೆ ಯಾರದೋ ಕೈಯನ್ನು ನೋಡುವಂತೆ. "ಅಯ್ಯೋ ದೇವರೆ. ಇಷ್ಟೇನಾ?" ಆಮೇಲೆ ಕೇಳಿದ. "ಯಾವಾಗ ಗೊತ್ತಾಯ್ತು ನಿಂಗೆ?"

"ಈಗ ಕೂತು ಯೋಚಿಸ್ತಿದ್ದಾಗ ಹೊಳೀತು."

"ಹೂಂ. ಮುಂಚೆ ಕಂಡಿದ್ರೆ ಹೇಳ್ತಿದ್ದೆ, ಗೊತ್ತು ನಂಗೆ." ಏಮೆಲಿ ಸೌಟು ತೆಗೆದುಕೊಂಡು ಕಲ್ಲಿಗೆ ನೀರು ಹುಯ್ದ. "ಥ್ಯಾಂಕ್ಸ್."

ಪನು ಮೊಣಕಾಲುಗಳ ನಡುವೆ ತಲೆ ಹುದುಗಿಸಿದ. ಸೌನಾದಲ್ಲಿ ಹಾಗೆ ಕೂತವನನ್ನು ಯಾರೂ ಏನೂ ಕೇಳುವುದಿಲ್ಲ, ಬಿಸಿ ಹೆಚ್ಚಾಯಿತು ಎಂದುಕೊಳ್ಳುತ್ತಾರೆ.

ಮರುದಿನ ಬೆಳಿಗ್ಗೆ ರೈಮೊ ಅವನನ್ನು ತನ್ನ ಕೋಣೆಗೆ ಕರೆಸಿದ. ಕಿಟಕಿಯಾಚೆ ರಾಶಿ ಹಾಕಿದ್ದ ಹಿಮ ಕರಗಿ ಕೊಳೆಯಾಗಿತ್ತು. ರೈಮೊ ಎರಡು ಲೋಟಕ್ಕೆ ಕಾಫಿ ಬಗ್ಗಿಸಿ, ದಾಲ್ಚಿನ್ನಿ ಬನ್ನಿನ ತಟ್ಟೆ ಮುಂದೆ ತಳ್ಳಿದ.

"ಝೆಕ್‌ನವನ ಜೊತೆ ನೀನಿರು. ಆಡಳಿತದವರ ಹತ್ರ ಮಾತಾಡಿದ್ದೀನಿ. ಇನ್ನೊಂದು ವರ್ಷ, ಬೇಕಾದ್ರೆ ಎರಡು."

ಮೂರು ತಿಂಗಳಿಂದ ಈ ಮಾತಿಗಾಗಿ ಅವನು ರಾತ್ರಿ ನಿದ್ದೆಗೆಟ್ಟಿದ್ದ. ಅದು ಬಂದಾಗ ಅವನು ಕಾಫಿಯ ಲೋಟವನ್ನು ಕೆಳಗಿಟ್ಟ.

"ಏಮೆಲಿ?"

"ಕೆಳಗಿನ ಲೀಗಲ್ಲಿ ಎಲ್ಲಾದ್ರೂ ಜಾಗ ನೋಡೋಣ. ಆ ಕೈ ಇಟ್ಕೊಂಡು ಇಲ್ಲಾಗಲ್ಲ."

"ಕೈ ಒಂದು ವಾರದಲ್ಲಿ ಸರಿಹೋಗುತ್ತೆ ರೈಮೊ. ಯಾರಾದ್ರೂ ಹೇಳಿದ್ರೆ ಸಾಕು."

ರೈಮೊ ಬನ್ನು ಮುರಿಯುತ್ತಿದ್ದವನು ನಿಲ್ಲಿಸಿದ. "ರಾತ್ರಿ ಆಟದ ಟೇಪು ಹಾಕಿ ನೋಡ್ದೆ. ನಂಗೆ ಮನೇಲಿ ಕಂಡಿದ್ದು ನಿಂಗೆ ಬೆಂಚಲ್ಲೇ ಕಂಡಿರುತ್ತೆ. ಅಲ್ವಾ?"

ಪನು ಕಾಫಿಯನ್ನೇ ನೋಡುತ್ತಿದ್ದ. "ಮೊದಲನೇ ಅವಧಿಲೇ."

ಬೈಗುಳಕ್ಕಾಗಿ ಅವನು ಕಾದ. ಬಹುಶಃ ಅದು ಬೇಕಾಗಿತ್ತು. ರೈಮೊ ಮೂಗಿನಲ್ಲೇ ನಕ್ಕು, ಮೇಜಿನ ಮೇಲಿಂದ ಕೈ ಚಾಚಿ ಅವನ ತೋಳು ತಟ್ಟಿದ.

"ತಲೆ ಕೆಡಿಸ್ಕೋಬೇಡ. ನಾನು ಆಡೋ ಕಾಲಕ್ಕೆ ನಾನೂ ಹಂಗೇ ಮಾಡ್ತಿದ್ದೆ. ಗೆದ್ವಿ ತಾನೆ? ಹೊಟ್ಟೇಲಿ ಹಸಿವಿರೋನು ಬೇಕು ನಂಗೆ. ಆ ಹುಡುಗ ಒಳ್ಳೇವ್ನು, ಅದೇ ಅವನ ತೊಂದ್ರೆ."

ಯಾರಾದರೂ ಮುಖಕ್ಕೆ ಉಗಿದಿದ್ದರೆ ಒರೆಸಿಕೊಳ್ಳಬಹುದಿತ್ತು. ಈ ತಟ್ಟುವಿಕೆಯನ್ನು ಏನು ಮಾಡುವುದು? ಅದು ತೋಳಿನ ಮೇಲೆ ಹಾಗೇ ಕೂತಿತ್ತು. ಸಂಜೆ ಹೇಳುತ್ತೇನೆ ಎಂದು ಗೊಣಗಿ ಪನು ಎದ್ದ. ಬನ್ನು ಹಾಗೇ ಉಳಿಯಿತು.

ಅಂಕಣದಲ್ಲಿ ದೀಪ ಅರ್ಧ ಮಾತ್ರ ಹಚ್ಚಿದ್ದರು. ಖಾಲಿ ಮೆಟ್ಟಿಲುಗಳ ನಡುವೆ ಟಪ್, ಟಪ್ ಎಂದು ಒಂದೇ ಸದ್ದು. ಏಮೆಲಿ ಬಲೆಯ ಪಕ್ಕ ನಿಂತು ಟೆನಿಸ್ ಚೆಂಡನ್ನು ಕಟ್ಟೆಗೆ ಎಸೆದು, ಎಡಗೈ ಗ್ಲೌಸಿನಲ್ಲಿ ಹಿಡಿಯುತ್ತಿದ್ದ. ಮೊಣಕೈಯಿಂದ ಕುತ್ತಿಗೆಗೆ ರಬ್ಬರಿನ ಪಟ್ಟಿ ಕಟ್ಟಿಕೊಂಡಿದ್ದ, ಕೈ ಇಳಿದರೆ ಕುತ್ತಿಗೆ ಜಗ್ಗಲಿ ಎಂದು. ಪನುವನ್ನು ಕಂಡು ನಕ್ಕ.

"ನೋಡು, ನಾಯಿಗೆ ಕಟ್ಟೋ ಹಂಗೆ ಕಟ್ಕೊಂಡಿದ್ದೀನಿ. ಕೆಲಸ ಮಾಡುತ್ತೆ ಕಣೋ. ರೈಮೊ ಏನಂದ?"

ಪನು ಬೂಟುಗಾಲಿನಲ್ಲೇ ಮಂಜಿಗಿಳಿದು ಜಾರದಂತೆ ಮೆಲ್ಲಗೆ ಅವನವರೆಗೆ ನಡೆದ. ಅಷ್ಟು ದೂರ ನಡೆಯುವಾಗ ಒಂದಲ್ಲ ಒಂದು ಒಳ್ಳೆಯ ಶುರು ಸಿಗಬಹುದು ಎಂದುಕೊಂಡಿದ್ದ. ಸಿಗಲಿಲ್ಲ.

"ನಿನ್ನೆ ವಿರಾಮದಲ್ಲಿ ನೀನು ಕೇಳಿದಾಗ ನಂಗೆ ಗೊತ್ತಿತ್ತು."

"ಏನು?"

"ಕೈ."

ಕಟ್ಟೆಗೆ ಬಡಿದು ವಾಪಸು ಬಂದ ಚೆಂಡನ್ನು ಏಮೆಲಿ ಹಿಡಿಯಲಿಲ್ಲ. ಅದು ಬಲೆಯ ಹಿಂದೆ ಉರುಳಿ ಹೋಯಿತು.

"ಸೌನಾದಲ್ಲಿ ಹೊಳೀತು ಅಂದೆ."

"ಸುಳ್ಳು."

"ನಾನು ಕೇಳ್ದೆ ನಿನ್ನ." ಏಮೆಲಿಯ ದನಿ ಏರಲಿಲ್ಲ. "ಎರಡು ಸಲ ಕೇಳ್ದೆ. ನೀರು ಕುಡಿಯೋಕೆ ಬಂದಾಗ್ಲೂ ಕೇಳ್ದೆ."

"ಹೂಂ."

"ನಿಂಗೆ ಕಿತ್ತಳೆ ಕೊಟ್ಟೆ."

ಪನುವಿಗೆ ತಲೆ ಎತ್ತಲಾಗಲಿಲ್ಲ. ಕಾಲ ಕೆಳಗಿನ ಮಂಜಿನಲ್ಲಿ ನಿನ್ನೆಯ ಗೀರುಗಳನ್ನು ಮುಚ್ಚಿ ಹೊಸ ನೀರು ಹೆಪ್ಪುಗಟ್ಟಿತ್ತು, ಕನ್ನಡಿಯ ಹಾಗೆ. ಅಲ್ಲೂ ಅವನ ಮುಖವೇ.

"ರೈಮೊ ನನ್ನನ್ನ ಇರು ಅಂದ," ಎಂದ. "ನಾನು ಹೋಗಿ ಆಗಲ್ಲ ಅಂತೀನಿ. ಜಾಗ ನಿಂದೇ. ಬೇಸಿಗೆಯೆಲ್ಲ ನಾನಿಲ್ಲಿಗೆ ಬರ್ತೀನಿ, ದಿನಾ. ಆ ಕೈ ಸರಿಮಾಡಿ ಕೊಡ್ತೀನಿ."

ಏಮೆಲಿ ರಬ್ಬರಿನ ಪಟ್ಟಿಯ ಗಂಟನ್ನು ಹಲ್ಲಿನಿಂದ ಬಿಚ್ಚುತ್ತಿದ್ದ. 

ಕಟ್ಟೆಗೊರಗಿಸಿದ್ದ ಒಂದು ಕೋಲನ್ನು ಪನು ಎತ್ತಿಕೊಂಡ. ಅಲ್ಲೇ ಬಿದ್ದಿದ್ದ ಬಿಲ್ಲೆಗಳನ್ನು ಎಳೆದು ಮುಂದೆ ಸಾಲಾಗಿಟ್ಟುಕೊಂಡ.

"ನಿಲ್ಲು. ಆ ಮೂಲೆಗೇ ಹೊಡೀತೀನಿ. ಕೈ ಇಳಿದ ಕೂಡ್ಲೇ ಹೇಳ್ತೀನಿ."

"ಬೇಡ," ಎಂದ ಏಮೆಲಿ.

"ಒಂದು ಸಲ ನಿಲ್ಲೋ. ಹೇಳೋದನ್ನಾದ್ರೂ—"

"ಬೇಡ. ನೀನು ನಂಗೆ ಏನೂ ಹೇಳೋದು ಬೇಡ."